ಗ್ಯಾಸ್ ಗೀಸರ್: ಸುರಕ್ಷಿತ ಅಳವಡಿಕೆ ಹೇಗೆ?

ಸ್ನಾನಕ್ಕೆಂದು ಒಳಗೆ ಹೋದವರು ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಬಾಗಿಲು ಮುರಿದು ನೋಡಿದಾಗ ಪ್ರಾಣ ಹೋಗಿತ್ತು. ಇಂತಹ ದುರಂತಗಳು ಬೆಂಗಳೂರು, ಮೈಸೂರು ಸೇರಿದಂತೆ ರಾಜ್ಯದ ಹಲವು ಊರುಗಳಿಂದ ಮತ್ತೆ ಮತ್ತೆ ವರದಿಯಾಗುತ್ತಿವೆ. ಇವುಗಳಲ್ಲಿ ಹೆಚ್ಚಿನವು ಗ್ಯಾಸ್ ಗೀಸರನ್ನು ಅಳವಡಿಸುವಾಗ ನಡೆದ ತಪ್ಪಿನ ಫಲವೆಂಬುದು ಗಮನಾರ್ಹ. ಉಪಕರಣ ಹೊಸದಾಗಿದ್ದು, ಅನಿಲ ಒಂದಿಷ್ಟೂ ಸೋರದಿದ್ದರೂ ಸಾವು ಸಂಭವಿಸಬಹುದು. ಆದ್ದರಿಂದ ಗೀಸರ್ ಕೊಳ್ಳುವ ಮುನ್ನವೇ ಅದನ್ನು ಎಲ್ಲಿ, ಹೇಗೆ ಕೂರಿಸಬೇಕೆಂಬುದನ್ನು ತಿಳಿದಿರುವುದು ಅವಶ್ಯ.

ಅಪಾಯ ಎಲ್ಲಿದೆ?

ಅಡುಗೆ ಅನಿಲವು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಸಾಕಷ್ಟು ಗಾಳಿ ದೊರೆತರೆ ಅದು ಪೂರ್ತಿಯಾಗಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತದೆ. ಗಾಳಿ ಸಾಲದಾದಾಗ ದಹನ ಅಪೂರ್ಣವಾಗಿ, ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು-ಮೂಗುಗಳಿಗೆ ಉರಿಯೂ ಇಲ್ಲ. ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಆದರೆ ಉರಿಯುವಾಗ ಆ ವಾಸನೆಯೂ ನಾಶವಾಗುತ್ತದೆ. ಹೀಗಾಗಿ ‘ವಾಸನೆ ಬರುತ್ತಿಲ್ಲ, ಆದ್ದರಿಂದ ಅಪಾಯವಿಲ್ಲ’ ಎಂಬ ನಂಬಿಕೆಗೆ ಆಧಾರವಿಲ್ಲ.

ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200ರಿಂದ 250 ಪಟ್ಟು ಬಲವಾಗಿ ಮೊನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಅದರಿಂದ ಮಿದುಳು ಮತ್ತು ಹೃದಯಕ್ಕೆ ಆಮ್ಲಜನಕ ತಲುಪುವುದು ಕಡಿಮೆಯಾಗುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ ಕಾಣಿಸಿಕೊಳ್ಳುತ್ತವೆ. ಬಳಿಕ ಕೈಕಾಲುಗಳು ಶಕ್ತಿ ಕಳೆದುಕೊಳ್ಳುತ್ತವೆ. ಏನೋ ಆಗುತ್ತಿದೆಯೆಂದು ಅರಿವಾಗುವ ವೇಳೆಗೆ ಎದ್ದು ಅಗುಳಿ ತೆಗೆಯುವ ತ್ರಾಣವೇ ಉಳಿದಿರುವುದಿಲ್ಲ.

ಲೆಕ್ಕ ಹೀಗಿದೆ

ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 1 ಕಿಲೋಗ್ರಾಂ ಅನಿಲ ಬಳಸುತ್ತದೆ. ಒಂದು ಕಿಲೋಗ್ರಾಂ ಅನಿಲ ಪೂರ್ತಿ ಉರಿಯಲು ಕನಿಷ್ಠ 12 ಘನ ಮೀಟರಿನಷ್ಟು ಗಾಳಿ ಬೇಕು. ಅಂದರೆ ಕಾಲು ಗಂಟೆಯ ಸ್ನಾನಕ್ಕೆ 3 ಘನ ಮೀಟರ್ ಗಾಳಿ ಖರ್ಚಾಗುತ್ತದೆ.

ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದ ಸ್ನಾನಗೃಹದಲ್ಲಿರುವ ಒಟ್ಟು ಗಾಳಿ ಸುಮಾರು 5.4 ಘನ ಮೀಟರ್ ಮಾತ್ರ. ಬಾಗಿಲು, ಕಿಟಕಿ ಮುಚ್ಚಿದ್ದರೆ ಹದಿನೈದು ನಿಮಿಷಗಳಲ್ಲಿ ಅದರ ಅರ್ಧಕ್ಕೂ ಹೆಚ್ಚು ಭಾಗದ ಆಮ್ಲಜನಕವನ್ನು ಗೀಸರೇ ಕಬಳಿಸುತ್ತದೆ. ಅಷ್ಟರವರೆಗೆ ಕಾಯಬೇಕಾಗಿಯೂ ಇಲ್ಲ. ಆಮ್ಲಜನಕ ಸ್ವಲ್ಪ ತಗ್ಗಿದೊಡನೆಯೇ ಮೊನಾಕ್ಸೈಡ್ ಉತ್ಪತ್ತಿ ಏರತೊಡಗುತ್ತದೆ. ಒಬ್ಬರ ನಂತರ ಒಬ್ಬರು ಸ್ನಾನಕ್ಕೆ ಹೋಗುವ ಮನೆಗಳಲ್ಲಿ ಎರಡನೆಯ, ಮೂರನೆಯವರಿಗೆ ಅಪಾಯ ಹೆಚ್ಚು. ಏಕೆಂದರೆ ಹಿಂದಿನವರ ಸ್ನಾನದ ವೇಳೆ ಹುಟ್ಟಿದ ಅನಿಲ ಕೋಣೆಯಲ್ಲಿ ಉಳಿದಿರುತ್ತದೆ.

ಹಿಂದಿನ ಕಾಲದ ಬಚ್ಚಲುಮನೆಗಳಲ್ಲಿ ಹಂಡೆಯ ಒಲೆ ಉರಿಯುತ್ತಿತ್ತು. ಅಲ್ಲಿಯೂ ಮೊನಾಕ್ಸೈಡ್ ಹುಟ್ಟುತ್ತಿತ್ತು. ಆದರೆ ಹೆಂಚಿನ ಸಂದುಗಳಿಂದ, ಹೊಗೆಗಂಡಿಯಿಂದ, ಬಾಗಿಲ ಕೆಳಗಿನ ಬಿರುಕಿನಿಂದ ಗಾಳಿ ಆಡುತ್ತಿತ್ತು. ಹೊಗೆ ಕಣ್ಣಿಗೆ ತಗುಲಿ ಎಚ್ಚರಿಸುತ್ತಿತ್ತು. ಕಾಂಕ್ರೀಟ್ ಚಾವಣಿ, ಹೆಂಚುಹಾಸಿನ ಗೋಡೆ, ಗಾಜು ಮುಚ್ಚಿದ ಕಿಟಕಿಯ ಇಂದಿನ ಸ್ನಾನಗೃಹಗಳಲ್ಲಿ ಈ ಯಾವ ಅನುಕೂಲವೂ ಇಲ್ಲ.

ಗೀಸರ್ ಎಲ್ಲಿರಬೇಕು?

ಇದಕ್ಕೆ ಉತ್ತರ ಒಂದೇ: ಸ್ನಾನಗೃಹದ ಹೊರಗೆ. ತೆರೆದ ಬಾಲ್ಕನಿ, ಹಿತ್ತಿಲ ಗೋಡೆ, ಪಾತ್ರೆ ತೊಳೆಯುವ ತೆರೆದ ಜಾಗ ಸೂಕ್ತ. ಅಲ್ಲಿಂದ ಬಿಸಿನೀರಿನ ಕೊಳವೆಯನ್ನಷ್ಟೇ ಒಳಗೆ ತರಬೇಕು. ಕೊಳವೆಯ ಖರ್ಚು ಉಳಿಸಲೆಂದು ಉಪಕರಣವನ್ನೇ ಒಳಗೆ ತರುವುದು ಬಹುಪಾಲು ಅನಾಹುತಗಳ ಮೂಲ. ಸ್ಥಳ ಆರಿಸುವಾಗ ಈ ಅಂಶಗಳನ್ನು ಗಮನಿಸಬೇಕು:

* ಮಳೆ ಮತ್ತು ನೇರ ಗಾಳಿಯಿಂದ ರಕ್ಷಣೆ ಇರಲಿ. ಆದರೆ ಉಪಕರಣವನ್ನು ಕಪಾಟಿನಲ್ಲಿಟ್ಟು ಮುಚ್ಚಬಾರದು. ಮೇಲ್ಭಾಗದ ಹೊಗೆಕಿಂಡಿ ಮತ್ತು ತಳದ ಗಾಳಿಕಿಂಡಿ ಸದಾ ತೆರೆದಿರಬೇಕು.

* ಸ್ನಾನಗೃಹ ಅಥವಾ ಮಲಗುವ ಕೋಣೆಯ ಕಿಟಕಿಯ ಕೆಳಗೆ ಕೂರಿಸಬಾರದು. ಬಿಸಿಯಾದ ದಹನಾನಿಲ ಮೇಲೇರಿ ಅದೇ ಕಿಟಕಿಯಿಂದ ಒಳನುಗ್ಗುತ್ತದೆ.

* ಬಹುಮಹಡಿ ಕಟ್ಟಡಗಳಲ್ಲಿ ಕೊಳವೆಗಳಿಗಾಗಿ ಬಿಟ್ಟಿರುವ ಕಿರಿದಾದ ಡಕ್ಟ್‌ನೊಳಗೆ ಗೀಸರ್ ಇಡುವ ರೂಢಿಯಿದೆ. ಅದು ‘ಹೊರಗೆ’ ಎಂದು ಕಂಡರೂ ಹೊರಗಲ್ಲ. ಕೆಳಮನೆಯ ಗೀಸರಿನ ಅನಿಲ ಡಕ್ಟ್ ಮೂಲಕ ಮೇಲೇರಿ ಮೇಲಿನ ಮನೆಯವರ ಸ್ನಾನಗೃಹ ಸೇರಬಹುದು.

* ಪರದೆ, ಪ್ಲಾಸ್ಟಿಕ್ ಚಾವಣಿ, ಒಣಹಾಕಿದ ಬಟ್ಟೆ, ವಿದ್ಯುತ್ ಸ್ವಿಚ್ಚುಗಳಿಂದ ದೂರವಿರಲಿ. ಉರಿಯನ್ನು ನಿಂತು ನೋಡುವಷ್ಟು ಎತ್ತರದಲ್ಲಿರಲಿ.

ಎಕ್ಸಾಸ್ಟ್ ಫ್ಯಾನ್ ಸಾಕಲ್ಲವೇ?

ಸಾಲದು. ಫ್ಯಾನ್ ಎಷ್ಟು ಗಾಳಿಯನ್ನು ಹೊರಗೆ ತಳ್ಳುವುದೋ ಅಷ್ಟೇ ಗಾಳಿ ಬೇರೆಡೆಯಿಂದ ಒಳಬರಬೇಕು. ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಅದಕ್ಕೆ ದಾರಿಯಿಲ್ಲ. ಮೇಲಾಗಿ, ಹೊಗೆಕೊಳವೆ ಇರುವ ಗೀಸರ್ ಒಳಗಿದ್ದರೆ ಫ್ಯಾನಿನ ಸೆಳೆತಕ್ಕೆ ಕೊಳವೆಯಲ್ಲಿ ಮೇಲೇರಬೇಕಾದ ಅನಿಲವೇ ಹಿಂತಿರುಗಿ ಕೋಣೆಗೆ ಇಳಿಯಬಹುದು. ಆಮ್ಲಜನಕ ತಗ್ಗಿದಾಗ ಉರಿಯನ್ನು ಆರಿಸುವ ಸಂವೇದಕ, ನಿಗದಿತ ಸಮಯದ ನಂತರ ತಾನಾಗಿ ನಿಲ್ಲುವ ವ್ಯವಸ್ಥೆ ಕೆಲವು ಮಾದರಿಗಳಲ್ಲಿವೆ. ಅವು ಇರುವುದು ಒಳ್ಳೆಯದೇ. ಆದರೆ ಅವನ್ನು ನಂಬಿ ಉಪಕರಣವನ್ನು ಒಳಗೆ ಕೂರಿಸಬಾರದು.

ನಮ್ಮ ಮಾರುಕಟ್ಟೆಯ ಸಣ್ಣ ಗೀಸರುಗಳಲ್ಲಿ ಅನೇಕಕ್ಕೆ ಹೊಗೆಕೊಳವೆ ಇರುವುದೇ ಇಲ್ಲ. ಕೊಳವೆಯಿರುವ ಮಾದರಿಯಾದರೆ ಅದಕ್ಕೆ ಲೋಹದ ಕೊಳವೆಯನ್ನೇ ಬಳಸಬೇಕು. ನೀರಿನ ಪ್ಲಾಸ್ಟಿಕ್ ಕೊಳವೆ ಕೂಡದು. ಕೊಳವೆ ಉದ್ದಕ್ಕೂ ಮೇಲ್ಮುಖವಾಗಿರಬೇಕು, ತಿರುವುಗಳು ಕಡಿಮೆಯಿರಬೇಕು, ತುದಿ ತೆರೆದ ಬಯಲಿನಲ್ಲಿರಬೇಕು. ಹಕ್ಕಿ ಗೂಡು ಕಟ್ಟದಂತೆ, ಮಳೆ ಇಳಿಯದಂತೆ ತುದಿಗೆ ಟೊಪ್ಪಿಗೆ ಬೇಕು.

ಕೊಳ್ಳುವಾಗ ನೋಡಬೇಕಾದುದು

ಅಡುಗೆ ಅನಿಲದಿಂದ ನಡೆಯುವ ಸಣ್ಣ ಗೀಸರುಗಳಿಗೆ ಭಾರತೀಯ ಮಾನಕ ಸಂಸ್ಥೆಯ ಪ್ರತ್ಯೇಕ ಮಾನದಂಡ ಐಎಸ್ 15558 ಇದೆ. ಐಎಸ್‌ಐ ಗುರುತಿನ ಜೊತೆಗೆ ಈ ಸಂಖ್ಯೆಯನ್ನು ನೋಡಿ ಕೊಳ್ಳಬೇಕು. ಉರಿ ಆರಿದರೆ ಅನಿಲವನ್ನು ತಾನೇ ತಡೆಯುವ ವ್ಯವಸ್ಥೆ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಸಿಲಿಂಡರ್ ಅನಿಲದ ಗೀಸರನ್ನು ಕೊಳವೆ ಮೂಲಕ ಬರುವ ನೈಸರ್ಗಿಕ ಅನಿಲಕ್ಕೆ ಹಾಗೆಯೇ ಜೋಡಿಸಲಾಗದು. ಎರಡಕ್ಕೂ ಜೆಟ್ ರಂಧ್ರದ ಅಳತೆ ಬೇರೆ. ಸಿಲಿಂಡರಿನಿಂದ ಪೈಪ್ ಅನಿಲಕ್ಕೆ ಬದಲಾಗುವ ಮನೆಗಳಲ್ಲಿ ಅದಕ್ಕೆಂದೇ ತಯಾರಾದ ಉಪಕರಣ ಬೇಕು, ಇಲ್ಲವೇ ತಯಾರಕರ ತಂತ್ರಜ್ಞರಿಂದಲೇ ಬದಲಾವಣೆ ಮಾಡಿಸಬೇಕು.

ಸಿಲಿಂಡರ್, ರೆಗ್ಯುಲೇಟರ್, ಕೊಳವೆ

ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲದ ಮೇಲೆ ಹರಡಿ ಗುಂಡಿ, ಚರಂಡಿಗಳಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರನ್ನು ನೆಲಮಾಳಿಗೆಯಲ್ಲಾಗಲೀ ಗುಂಡಿಯಲ್ಲಾಗಲೀ ಇಡಬಾರದು. ನೆಟ್ಟಗೆ, ನೆಲಮಟ್ಟದಲ್ಲಿ, ಗಾಳಿಯಾಡುವ ಕಡೆ ಇಡಬೇಕು.

ಗೃಹಬಳಕೆಯ ರೆಗ್ಯುಲೇಟರ್ ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂನಷ್ಟು ಒತ್ತಡದಲ್ಲಿ ಅನಿಲ ಕೊಡುತ್ತದೆ. ‘ನೀರು ಬೇಗ ಕಾಯುವುದಿಲ್ಲ’ ಎಂದು ಹೋಟೆಲ್ ಒಲೆಗಳ ಹೆಚ್ಚು ಒತ್ತಡದ ರೆಗ್ಯುಲೇಟರ್ ಹಾಕುವವರಿದ್ದಾರೆ. ಅದರಿಂದ ಅನಿಲ ಹೆಚ್ಚಾಗಿ, ಗಾಳಿ ಸಾಲದೆ, ಮೊನಾಕ್ಸೈಡ್ ಉತ್ಪತ್ತಿ ಹೆಚ್ಚುತ್ತದೆ.

ಅಡುಗೆಮನೆಯ ಸಿಲಿಂಡರಿನ ರಬ್ಬರ್ ಕೊಳವೆಯನ್ನು ಕತ್ತರಿಸಿ, ಮಧ್ಯೆ ಕವಲು ಜೋಡಿಸಿ ಗೀಸರಿಗೆ ಎಳೆಯುವುದು ಅತಿ ಅಪಾಯಕರ. ಗೀಸರಿಗೆ ಪ್ರತ್ಯೇಕ ಸಂಪರ್ಕವಿರಲಿ. ಐಎಸ್‌ಐ ಗುರುತಿನ, ಒಳಗೆ ತಂತಿ ಹೆಣಿಗೆಯಿರುವ ‘ಸುರಕ್ಷಾ’ ಕೊಳವೆಯನ್ನೇ ಬಳಸಿ, ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅದು ಒಂದೂವರೆ ಮೀಟರ್ ಮೀರಬಾರದು, ಗೋಡೆಯೊಳಗಿಂದ ಹಾಯಬಾರದು. ದೂರ ಹೆಚ್ಚಿದ್ದರೆ ಪರಿಣತರಿಂದ ಲೋಹದ ಕೊಳವೆ ಹಾಕಿಸಿ, ಗೀಸರಿನ ಹತ್ತಿರ ಪ್ರತ್ಯೇಕ ಕವಾಟ ಕೊಡಿಸಬೇಕು.

ನೀರಿನ ಒತ್ತಡ

ನೀರಿನ ಒತ್ತಡವೇ ಅನಿಲದ ಕವಾಟವನ್ನು ತೆರೆಯುತ್ತದೆ. ಗೀಸರಿಗಿಂತ ಹತ್ತು ಅಡಿ ಮೇಲಿನ ತೊಟ್ಟಿಯಿಂದ ದೊರೆಯುವ ಒತ್ತಡ ಸುಮಾರು 0.3 ಬಾರ್ ಮಾತ್ರ. ಉಪಕರಣಕ್ಕೆ ಬೇಕಾದ ಕನಿಷ್ಠ ಒತ್ತಡವನ್ನು ಕೈಪಿಡಿಯಲ್ಲಿ ನೋಡಿ, ತೊಟ್ಟಿಯ ಎತ್ತರದೊಂದಿಗೆ ಹೋಲಿಸಬೇಕು. ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ಕೊಳವೆಯೊಳಗೆ ಸುಣ್ಣದ ಪದರ ಕಟ್ಟುತ್ತದೆ, ವರ್ಷಕ್ಕೊಮ್ಮೆಯಾದರೂ ಶುಚಿಗೊಳಿಸಬೇಕು.

ಅಳವಡಿಸಿದ ನಂತರದ ಪರೀಕ್ಷೆ

1. ಎಲ್ಲ ಜೋಡಣೆಗಳಿಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಬೆಂಕಿಕಡ್ಡಿ ಗೀರಿ ಪರೀಕ್ಷಿಸಬಾರದು.

2. ಉರಿ ನೀಲಿಯಾಗಿ, ಸ್ಥಿರವಾಗಿರಬೇಕು. ಹಳದಿ ಉರಿ, ಮಸಿ ಕಂಡರೆ ಗೀಸರನ್ನು ನಿಲ್ಲಿಸಿ ದುರಸ್ತಿ ಮಾಡಿಸಬೇಕು. ಆದರೆ ನೀಲಿ ಉರಿಯೊಂದನ್ನೇ ಕಂಡು ಮೊನಾಕ್ಸೈಡ್ ಇಲ್ಲವೆಂದು ತೀರ್ಮಾನಿಸಬಾರದು.

3. ಹೊಗೆಕೊಳವೆಯಿದ್ದರೆ, ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡು, ಗೀಸರ್ ಉರಿಯುತ್ತಿರುವಾಗ ಕೊಳವೆಯ ಬುಡದ ಬಳಿ ಊದುಬತ್ತಿ ಹಿಡಿಯಬೇಕು. ಮನೆಯ ಫ್ಯಾನುಗಳು ನಡೆಯುತ್ತಿದ್ದಾಗಲೂ ಹೊಗೆ ಒಳಕ್ಕೆ ಸೆಳೆಯಲ್ಪಟ್ಟು ಮೇಲೇರಬೇಕು. ಹೊರಕ್ಕೆ ಚೆಲ್ಲಿದರೆ ದೋಷವಿದೆಯೆಂದರ್ಥ.

4. ನಲ್ಲಿ ನಿಲ್ಲಿಸಿದ ಕೂಡಲೇ ಉರಿ ಆರಬೇಕು.

ಮೊನಾಕ್ಸೈಡ್ ಪತ್ತೆಹಚ್ಚಿ ಸದ್ದು ಮಾಡುವ ಎಚ್ಚರಿಕೆ ಸಾಧನವೊಂದು ಮನೆಯಲ್ಲಿರುವುದು ಉತ್ತಮ. ಯುರೋಪಿನ ಇಎನ್ 50291 ಮಾನದಂಡದ ಸಾಧನಗಳು ಗಾಳಿಯಲ್ಲಿ ದಶಲಕ್ಷಕ್ಕೆ 300 ಭಾಗ ಮೊನಾಕ್ಸೈಡ್ ಇದ್ದರೆ ಮೂರು ನಿಮಿಷಗಳೊಳಗೆ ಸದ್ದು ಮಾಡುತ್ತವೆ. ಅಡುಗೆ ಅನಿಲದ ಸೋರಿಕೆ ಪತ್ತೆಹಚ್ಚುವ ಸಾಧನ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡದು.

ಬಾಡಿಗೆ ಮನೆಯಲ್ಲಿ ಈಗಾಗಲೇ ಒಳಗಿದ್ದರೆ?

ಮಾಲೀಕರಿಗೆ ತಿಳಿಸಿ ಅದನ್ನು ಹೊರಗೆ ಸ್ಥಳಾಂತರಿಸುವುದೇ ಪರಿಹಾರ. ಅದು ಆಗುವವರೆಗೆ ಗೀಸರ್ ಬಳಸದಿರುವುದು ಕ್ಷೇಮ. ಅನಿವಾರ್ಯವಾದರೆ ಬಾಗಿಲು, ಕಿಟಕಿ ಪೂರ್ತಿ ತೆರೆದು, ಕೋಣೆಯ ಹೊರಗೆ ನಿಂತು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಒಳಗಿನ ಗಾಳಿ ಹೊರಹೋಗಲು ಸಮಯ ಕೊಟ್ಟು, ಬಳಿಕವೇ ಸ್ನಾನಕ್ಕೆ ಹೋಗಬೇಕು. ಗೀಸರ್ ಉರಿಯುತ್ತಿರುವಾಗ ಯಾರೂ ಬಾಗಿಲು ಮುಚ್ಚಿಕೊಂಡು ಒಳಗಿರಬಾರದು. ಮಕ್ಕಳು ಮತ್ತು ಗರ್ಭಿಣಿಯರ ವಿಷಯದಲ್ಲಿ ಇದಕ್ಕೆ ವಿನಾಯಿತಿಯೇ ಕೂಡದು; ಗರ್ಭದಲ್ಲಿರುವ ಶಿಶುವಿಗೆ ಈ ವಿಷದ ಹಾನಿ ತಾಯಿಗಿಂತ ಹೆಚ್ಚು. ವಿದ್ಯುತ್ ಅಥವಾ ಸೌರ ಗೀಸರುಗಳಲ್ಲಿ ಮೊನಾಕ್ಸೈಡಿನ ಭಯವಿಲ್ಲ.

ಅನಾಹುತವಾದರೆ

ಒಳಗೆ ಹೋದವರು ಕರೆಗೆ ಓಗೊಡದಿದ್ದರೆ ತಡಮಾಡದೆ ಬಾಗಿಲು ತೆರೆಯಬೇಕು ಅಥವಾ ಮುರಿಯಬೇಕು. ಅನಿಲ ನಿಲ್ಲಿಸಿ, ವ್ಯಕ್ತಿಯನ್ನು ತೆರೆದ ಗಾಳಿಗೆ ತರಬೇಕು. ಕಾಪಾಡಲು ಹೋದವರೂ ಒಳಗೆ ನಿಲ್ಲಬಾರದು. ಉಸಿರಾಟ ನಿಂತಿದ್ದರೆ ಕೃತಕ ಉಸಿರಾಟ ಮತ್ತು ಎದೆ ಒತ್ತುವಿಕೆ ಆರಂಭಿಸಿ, 108 ಅಥವಾ 112ಕ್ಕೆ ಕರೆ ಮಾಡಬೇಕು.

ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ಮೊದಲೇ ಹೇಳುವುದು ಅತಿ ಮುಖ್ಯ. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಮೊನಾಕ್ಸೈಡ್ ತುಂಬಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ತೋರಿಸುತ್ತದೆ. ಸ್ನಾನಗೃಹದಲ್ಲಿ ಸೆಳೆತ ಬಂದು ಬಿದ್ದವರನ್ನು ಮೂರ್ಛೆರೋಗಿಗಳೆಂದು ಭಾವಿಸಿದ ಪ್ರಸಂಗಗಳನ್ನು ನಮ್ಮ ದೇಶದ ನರರೋಗ ತಜ್ಞರು ದಾಖಲಿಸಿದ್ದಾರೆ. ರಕ್ತಪರೀಕ್ಷೆಯಿಂದ ನಿಜ ತಿಳಿಯುತ್ತದೆ. ಸಾಮಾನ್ಯ ಗಾಳಿಯಲ್ಲಿ ರಕ್ತದ ಮೊನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು-ಒಂದೂವರೆ ಗಂಟೆ ಸಾಕು. ಚೇತರಿಸಿಕೊಂಡವರಲ್ಲಿಯೂ ಕೆಲವು ದಿನ ಅಥವಾ ವಾರಗಳ ನಂತರ ಮರೆವು, ನಡಿಗೆಯ ತೊಂದರೆ ಕಾಣಿಸಬಹುದಾದ್ದರಿಂದ ಮರುತಪಾಸಣೆ ಅಗತ್ಯ.

ಅನಿಲ ಸೋರಿಕೆಯ ವಾಸನೆ ಬಂದರೆ ವಿದ್ಯುತ್ ಸ್ವಿಚ್ಚುಗಳನ್ನು ಮುಟ್ಟದೆ, ಸಿಲಿಂಡರ್ ಕವಾಟ ಮುಚ್ಚಿ, ಬಾಗಿಲು-ಕಿಟಕಿ ತೆರೆದು, ಮನೆಯಿಂದ ಹೊರಬಂದು ಅಡುಗೆ ಅನಿಲ ತುರ್ತು ಸಹಾಯವಾಣಿ 1906ಕ್ಕೆ ತಿಳಿಸಬೇಕು.

ಸ್ನಾನಕ್ಕೆ ಮುನ್ನ ತಲೆನೋವಿಲ್ಲದೆ, ಸ್ನಾನವಾದ ಮೇಲೆ ಮನೆಯ ಒಬ್ಬಿಬ್ಬರಿಗೆ ತಲೆಸುತ್ತು, ಓಕರಿಕೆ ಪದೇ ಪದೇ ಬರುತ್ತಿದ್ದರೆ ಅದನ್ನು ಪಿತ್ತವೆಂದೋ ಆಯಾಸವೆಂದೋ ಕಡೆಗಣಿಸಬಾರದು. ಅದು ಗೀಸರ್ ನೀಡುತ್ತಿರುವ ಮೊದಲ ಎಚ್ಚರಿಕೆಯಾಗಿರಬಹುದು. ಅಂದೇ ಅದರ ಬಳಕೆ ನಿಲ್ಲಿಸಿ, ಪರಿಣತರಿಂದ ತಪಾಸಣೆ ಮಾಡಿಸುವುದು ಒಳಿತು.