ಕಂದಾಯದ ಬಾಕಿಗೆ ಕಿಟ್ಟಿ: 1855ರ ವರದಿಯೊಂದು ಹೇಳುವ ಪಾಠ

1860ರ ಭಾರತೀಯ ದಂಡ ಸಂಹಿತೆಯ 330ನೇ ಕಲಮು ತಪ್ಪೊಪ್ಪಿಗೆಗಾಗಿ ನೋವು ಕೊಡುವುದನ್ನು ಅಪರಾಧ ಎನ್ನುತ್ತಿತ್ತು. ಅದರ ಕೆಳಗೆ ಕೊಟ್ಟ ಮೊದಲ ಎರಡು ಉದಾಹರಣೆಗಳು ಪೊಲೀಸರವು. ಮೂರನೆಯದು ಕಂದಾಯ ಅಧಿಕಾರಿಯದು: ಬಾಕಿ ಕಂದಾಯ ಕಟ್ಟಿಸಿಕೊಳ್ಳಲು ಅವನು ಒಬ್ಬನಿಗೆ ಚಿತ್ರಹಿಂಸೆ ಕೊಟ್ಟರೆ ಅದೂ ಅಪರಾಧ. ಕಳ್ಳತನದ ವಿಚಾರಣೆಯ ಪಕ್ಕದಲ್ಲಿ ಕಂದಾಯದ ಲೆಕ್ಕ ಯಾಕೆ ಬಂತು? ಉತ್ತರ ಹುಡುಕಲು ಐದಾರು ವರ್ಷ ಹಿಂದಕ್ಕೆ, ಮದರಾಸಿಗೆ ಹೋಗಬೇಕು.

ಆಗಿನ ಮದರಾಸು ಪ್ರೆಸಿಡೆನ್ಸಿ ನಮಗೆ ಪರದೇಶವೇನಲ್ಲ. ಬಳ್ಳಾರಿ ಅದರಲ್ಲಿತ್ತು. ಉತ್ತರ–ದಕ್ಷಿಣ ಎಂದು ಇನ್ನೂ ಒಡೆಯದಿದ್ದ ಕೆನರಾ ಜಿಲ್ಲೆ ಅದರಲ್ಲಿತ್ತು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

1854ರ ಜುಲೈಯಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಡ್ಯಾನ್ಬಿ ಸೇಮೂರ್ ಎಂಬ ಸದಸ್ಯರು ಮದರಾಸಿನ ರೈತರಿಂದ ಹಿಂಸೆ ಕೊಟ್ಟು ಕಂದಾಯ ಕೀಳುತ್ತಾರೆ ಎಂದು ಹೇಳಿದರು. ಕಂಪನಿಯ ಪರವಾದವರು ನಂಬಲಿಲ್ಲ. ಆದರೆ ಸೇಮೂರ್ ಹಿಂದಿನ ವರ್ಷವಷ್ಟೇ ಮದರಾಸು ಸೀಮೆ ಸುತ್ತಿ ಬಂದಿದ್ದರು. ಅವರನ್ನು ಹಳ್ಳಿಗಳಿಗೆ ಕರೆದುಕೊಂಡು ಹೋದವರು ಗಾಜುಲ ಲಕ್ಷ್ಮೀನರಸು ಚೆಟ್ಟಿ ಎಂಬ ವ್ಯಾಪಾರಿ. 1844ರಲ್ಲಿ 'ಕ್ರೆಸೆಂಟ್' ಪತ್ರಿಕೆ, 1852ರಲ್ಲಿ ಮದರಾಸು ನೇಟಿವ್ ಅಸೋಸಿಯೇಷನ್ ಆರಂಭಿಸಿದವರು ಅವರೇ. ಆ ಸಂಘ ಲಂಡನ್ನಿಗೆ ಅರ್ಜಿಗಳನ್ನು ಬರೆಯುತ್ತಲೇ ಇತ್ತು. ಮಾನವ ಹಕ್ಕು ಎಂಬ ಮಾತು ಬಳಕೆಗೆ ಬರುವ ಮೊದಲೇ ನಡೆದ ಮಾನವ ಹಕ್ಕಿನ ಕೆಲಸ ಇದು ಎಂದು ನಾವು ಭಾವಿಸುತ್ತೇವೆ.

ಸರ್ಕಾರ ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗ ನೇಮಿಸಿತು. 519 ಮಂದಿ ಖುದ್ದಾಗಿ ಬಂದು ದೂರು ಹೇಳಿದರು. 1,440 ದೂರುಗಳು ಪತ್ರದಲ್ಲಿ ಬಂದವು. ಒಟ್ಟು 1,959. ಓದು ಬರಹ ಬಲ್ಲವರೇ ಕಡಿಮೆ ಇದ್ದ, ರೈಲು ಇನ್ನೂ ಬಾರದ ಸೀಮೆಯಲ್ಲಿ ಈ ಸಂಖ್ಯೆ ಸಣ್ಣದಲ್ಲ.

1855ರಲ್ಲಿ ಬಂದ ವರದಿ ಹಿಂಸೆ ನಿಜ ಎಂದು ಒಪ್ಪಿಕೊಂಡಿತು. ಎರಡು ಕೋಲುಗಳ ನಡುವೆ ಬೆರಳು ಸಿಕ್ಕಿಸಿ ಒತ್ತುವುದು 'ಕಿಟ್ಟಿ'. ತಲೆಯನ್ನು ಕಾಲಿನತ್ತ ಬಗ್ಗಿಸಿ ಹಗ್ಗದಿಂದ ಕಟ್ಟುವುದು 'ಅಣ್ಣಂದಾಳ್'. ಬಗ್ಗಿದವನ ಬೆನ್ನ ಮೇಲೆ ಕಲ್ಲು, ಬಿಸಿಲಿನಲ್ಲಿ ನಿಲ್ಲಿಸುವುದು, ಮೆಣಸಿನ ಪುಡಿ. ಬಾಕಿ ಎಷ್ಟೋ ಸಲ ಕೆಲವೇ ರೂಪಾಯಿ.

ಇದನ್ನೆಲ್ಲ ಕೆಲವು ಕ್ರೂರಿಗಳ ಕೆಲಸ ಎಂದು ಮುಗಿಸಿಬಿಡಬಹುದಿತ್ತು. ಆದರೆ ಬೇರು ಬೇರೆ ಕಡೆ ಇತ್ತು.

ಮೊದಲ ಬೇರು ಕಂದಾಯದ ಭಾರ. ರಯತವಾರಿ ಪದ್ಧತಿಯಲ್ಲಿ ರೈತ ಸರ್ಕಾರಕ್ಕೆ ನೇರವಾಗಿ ನಗದು ಕಟ್ಟಬೇಕು. ಬಳ್ಳಾರಿ ಸೇರಿದ ದತ್ತ ಜಿಲ್ಲೆಗಳಲ್ಲಿ ಇದನ್ನು ಕಟ್ಟಿ ನಿಲ್ಲಿಸಿದ ಥಾಮಸ್ ಮನ್ರೊ ಅವರೇ 1807ರಲ್ಲಿ ದರವನ್ನು ಕಾಲುಭಾಗ ಇಳಿಸಬೇಕು ಎಂದಿದ್ದರು. ಅದು ಜಾರಿಗೆ ಬಂದದ್ದು 1820ರಲ್ಲಿ ಅವರು ಗವರ್ನರ್ ಆದ ಮೇಲೆ. ಅಷ್ಟರ ನಂತರ ದವಸದ ಬೆಲೆ ಬಿದ್ದು ದಶಕಗಳ ಕಾಲ ಏಳಲೇ ಇಲ್ಲ. ಬೆಲೆ ಇಳಿದರೂ ಕಿಸ್ತು ಇಳಿಯದಿದ್ದರೆ ರೈತ ಎಲ್ಲಿಂದ ತರಬೇಕು?

ಎರಡನೆಯದು, ಒಂದೇ ಕೈಯಲ್ಲಿ ಕೂಡಿಬಿದ್ದ ಅಧಿಕಾರ. 1816ರ ಕಾಯಿದೆಗಳು ಪೊಲೀಸ್ ಕೆಲಸವನ್ನೂ ತಹಶೀಲ್ದಾರನಿಗೆ ಒಪ್ಪಿಸಿದವು. ವಸೂಲಿ ಮಾಡುವವನೂ ಅವನೇ, ಹಿಡಿದು ತರುವವನೂ ಅವನೇ. ಅವನ ಕೈಕೆಳಗಿನ ಜವಾನರ ಸಂಬಳ ಹೊಟ್ಟೆಗೇ ಸಾಲುತ್ತಿರಲಿಲ್ಲ. ಹೊಡೆತ ತಪ್ಪಿಸಿಕೊಳ್ಳಲು ರೈತ ಕೊಡುವ ಕಾಸು ಅವರ ಎರಡನೇ ಸಂಬಳ.

ಮೂರನೆಯದು, ದೂರಿಗೆ ಜಾಗವಿಲ್ಲದಿರುವುದು. ಹಿಂಸೆಗಿಂತಲೂ ನೊಂದವರಿಗೆ ನ್ಯಾಯ ಸಿಗುವ ಕಷ್ಟವೇ ತಮ್ಮನ್ನು ಹೆಚ್ಚು ಕಾಡಿತು ಎಂದು ಆಯೋಗ ಬರೆಯಿತು. ಕಲೆಕ್ಟರಿಗೆ ಕೊಟ್ಟ ಅರ್ಜಿ ಷರಾ ಬರೆಸಿಕೊಂಡು ಅದೇ ತಹಶೀಲ್ದಾರನ ಬಳಿಗೆ ವಾಪಸು ಹೋಗುತ್ತಿತ್ತು. ಆರೋಪ ರುಜುವಾತಾದರೂ ಮ್ಯಾಜಿಸ್ಟ್ರೇಟರು ವಿಧಿಸಬಹುದಾಗಿದ್ದ ಶಿಕ್ಷೆ 50 ರೂಪಾಯಿ ದಂಡ ಅಥವಾ ಒಂದು ತಿಂಗಳ ಸೆರೆ.

ವರದಿಗೆ ಕುರುಡು ಮೂಲೆಯೂ ಇತ್ತು. ತಪ್ಪನ್ನೆಲ್ಲ ದೇಶೀ ನೌಕರರ ಮೇಲೆ ಹೊರಿಸಿ ಯುರೋಪಿಯನ್ ಅಧಿಕಾರಿಗಳನ್ನು ಅದು ಪಾರುಮಾಡಿತು. ಗುರಿ ನಿಗದಿ ಮಾಡುವವನಿಗೆ ಕೈ ತೊಳೆದುಕೊಳ್ಳಲು ನೀರು ಸಿಕ್ಕಿತು. ಕೋಲು ಹಿಡಿದವನೊಬ್ಬನೇ ತಪ್ಪಿತಸ್ಥ. 1857ರಲ್ಲಿ ಕಾರ್ಲ್ ಮಾರ್ಕ್ಸ್ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಈ ವರದಿಯನ್ನೇ ಮುಂದಿಟ್ಟುಕೊಂಡು ಆಳುವವರ ಹೊಣೆಯನ್ನು ಪ್ರಶ್ನಿಸಿದರು.

ಆದರೂ ಫಲ ಸಿಕ್ಕಿತು. 1859ರಲ್ಲಿ ಮದರಾಸಿಗೆ ಕಂದಾಯದಿಂದ ಬೇರೆಯಾದ ಪೊಲೀಸ್ ಇಲಾಖೆ ಬಂತು. 1860ರ ದಂಡ ಸಂಹಿತೆಯ ಆ ಮೂರನೇ ಉದಾಹರಣೆಯ ಹಿಂದೆ ಇಂಥ ಅನುಭವವಿದೆ. 1861ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸಬಾರದು ಎಂದಿತು. 1872ರ ಸಾಕ್ಷ್ಯ ಕಾಯಿದೆ ಅದನ್ನು ಉಳಿಸಿಕೊಂಡಿತು, ಇಂದಿನ ಕಾನೂನೂ ಉಳಿಸಿಕೊಂಡಿದೆ.

ಹಾಗಾದರೆ ಹಿಂಸೆ ನಿಂತಿತೇ? ಕಂದಾಯಕ್ಕೆ ಕಿಟ್ಟಿ ಹಾಕುವುದು ಇತಿಹಾಸ ಸೇರಿತು. ಠಾಣೆಯ ಹೊಡೆತ ಸೇರಲಿಲ್ಲ. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನದ ನಿಯಮಗಳನ್ನು ಪಟ್ಟಿಮಾಡಬೇಕಾಯಿತು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಮಸೂದೆ ಕಾನೂನಾಗದೆ ಬಿದ್ದುಹೋಯಿತು.

ಕಂದಾಯದಲ್ಲಿ ಆದದ್ದು ಠಾಣೆಯಲ್ಲಿ ಯಾಕೆ ಆಗಲಿಲ್ಲ? ನಮಗೆ ತೋಚುವ ಕಾರಣ ಇದು. ಕಂದಾಯದ ವಿಷಯದಲ್ಲಿ ಶಿಕ್ಷೆಯ ಜೊತೆಗೆ ವ್ಯವಸ್ಥೆಯೂ ಬದಲಾಯಿತು: ಅಧಿಕಾರ ಒಡೆಯಿತು, ಹೊಸ ಸರ್ವೆ ನಡೆಯಿತು. ಠಾಣೆಯಲ್ಲಿ ಸಿಕ್ಕಿಬೀಳುವವನು ಮಾತ್ರ ಇಂದಿಗೂ ಜಮೀನಿಲ್ಲದವನು, ವಕೀಲನಿಲ್ಲದವನು, ಜಾತಿಯ ಏಣಿಯ ಕೆಳಮೆಟ್ಟಿಲಿನವನು. ಅವನ ಪರ ದೂರು ಹೊತ್ತು ಹೋಗುವ ಸೇಮೂರರೂ ಇಲ್ಲ, ಚೆಟ್ಟಿಯವರೂ ಇಲ್ಲ. ಬಡತನ, ತಾರತಮ್ಯಗಳನ್ನು ಬಿಟ್ಟು ಹಿಂಸೆಯೊಂದನ್ನೇ ಕೀಳಲಾಗದು ಎಂದು ಜಿನೀವಾದ ಚಿತ್ರಹಿಂಸೆ ವಿರೋಧಿ ಜಾಗತಿಕ ಸಂಘಟನೆಯೂ ವಾದಿಸುತ್ತ ಬಂದಿದೆ.

ಹಳ್ಳಿಯ ಸುದ್ದಿ ಬರೆಯುವ ನಮ್ಮಂಥವರಿಗೆ ಇದರಲ್ಲಿ ಕೆಲಸವಿದೆ. 'ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ' ಎಂಬ ಸಾಲು ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ನ್ಯಾಯಾಲಯ 1861ರಿಂದ ನಂಬದ ಮಾತನ್ನು ಓದುಗ ಯಾಕೆ ನಂಬಬೇಕು? ಆ ಸಾಲಿನ ಜೊತೆಗೆ ಇನ್ನೂ ಮೂರು ಸಂಗತಿ ಕೇಳಿ ಬರೆಯೋಣ: ಅವನನ್ನು ಯಾವಾಗ ಹಿಡಿದರು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೇ, ಅವನಿಗೆ ವಕೀಲರು ಇದ್ದರೇ. ಲಕ್ಷ್ಮೀನರಸು ಚೆಟ್ಟಿ 1868ರಲ್ಲಿ ತೀರಿಕೊಂಡಾಗ ಅವರ ಆಸ್ತಿ ಕರಗಿ ಹೋಗಿತ್ತು. ಅವರು ಎತ್ತಿದ ಪ್ರಶ್ನೆ ಕರಗಿಲ್ಲ.