ಜವಾಬು ಕೇಳಲು ಒಂದು ಸಭೆ

ಹತ್ತು ಮಂದಿ ಒಂದು ಕಡೆ ಕೂತು ಸರ್ಕಾರದ ವಿಚಾರ ಮಾತನಾಡಬೇಕಾದರೆ ಆ ಸರ್ಕಾರದ್ದೇ ಅಪ್ಪಣೆ ಬೇಕು. ಸುಮಾರು ನೂರು ವರ್ಷದ ಹಿಂದೆ ಗುರುಮಠಕಲ್, ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ನಡೆಯುತ್ತಿದ್ದ ಕಾನೂನು ಇದು. ಇಂದಿನ ಕಾನೂನು ಇದಕ್ಕೆ ತೀರಾ ತದ್ವಿರುದ್ಧ. ಊರವರನ್ನು ವರ್ಷಕ್ಕೆ ಕನಿಷ್ಠ ಎರಡು ಸಲ ಒಂದೆಡೆ ಸೇರಿಸಿ ಅವರ ಮುಂದೆ ಲೆಕ್ಕ ಇಡುವುದು ಪಂಚಾಯಿತಿಯ ಕರ್ತವ್ಯ. ಅಂದು ಬೇಡವೆಂದರೂ ಜನ ಸಭೆ ಸೇರಲು ಹವಣಿಸಿದರು. ಇಂದು ಬನ್ನಿ ಎಂದು ಕರೆದರೂ ಬರುವವರು ಕಡಿಮೆ. ಇದು ಹೇಗಾಯಿತು?

ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದದ್ದು 1911ರಲ್ಲಿ. ಬ್ರಿಟಿಷ್ ಪ್ರಾಂತಗಳಲ್ಲಿ ಅಸಹಕಾರ ಮತ್ತು ಖಿಲಾಫತ್ ಚಳವಳಿಗಳು ಬಿಸಿಯೇರಿದ್ದ 1921ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ರಾಜಕೀಯ ಸಭೆಗಳಿಗೆ ನಿರ್ಬಂಧ ಬಂತು. ಅದೇ ದಶಕದಲ್ಲಿ ಬಂದ ‘ಗಷ್ತಿ ನಿಶಾನ್ 53’ ಎಂಬ ಸುತ್ತೋಲೆ ಈ ನಿರ್ಬಂಧವನ್ನು ಇನ್ನೂ ಬಿಗಿ ಮಾಡಿತು. ಉರ್ದುವಿನಲ್ಲಿ ಗಷ್ತಿ ಎಂದರೆ ಸುತ್ತೋಲೆ. ಸಾರ್ವಜನಿಕ ಸಭೆ ಕರೆಯುವವರು ಮೊದಲೇ ಅನುಮತಿ ಪಡೆಯಬೇಕೆಂಬುದು ಅದರ ತಿರುಳು. ಸಂಸ್ಥಾನದ ಆಡಳಿತ ಭಾಷೆ ಉರ್ದು. ಹೊಲ ಉಳುವವರು ಆಡುತ್ತಿದ್ದುದು ಕನ್ನಡ. ಗುರುಮಠಕಲ್ ಸುತ್ತ ಕನ್ನಡದ ಜೊತೆಗೆ ತೆಲುಗು. ತಮ್ಮ ಬಾಯಿ ಕಟ್ಟಿದ ಆಜ್ಞೆಯನ್ನು ಓದಿಕೊಳ್ಳುವ ಶಕ್ತಿಯೂ ಹೆಚ್ಚಿನವರಿಗೆ ಇರಲಿಲ್ಲ. 1951ರ ಜನಗಣತಿಯ ಹೊತ್ತಿಗೂ ಹೈದರಾಬಾದ್ ರಾಜ್ಯದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ.

ಸರ್ಕಾರ ಹೆದರಿದ್ದು ಯಾವುದಕ್ಕೆ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಕಟ್ಟೆಯ ಮೇಲೆ, ಸಂತೆಯಲ್ಲಿ, ಕ್ಷೌರದ ಅಂಗಡಿಯಲ್ಲಿ ಜನ ಅಮಲ್ದಾರನನ್ನೋ ಗೌಡನನ್ನೋ ಬೈದುಕೊಳ್ಳುವುದನ್ನು ಯಾವ ದೊರೆಯೂ ತಡೆದಿಲ್ಲ, ತಡೆಯಲಾರ. ಗೊಣಗಾಟಕ್ಕೆ ಉತ್ತರ ಕೊಡಬೇಕಾದ ಅಗತ್ಯವಿಲ್ಲ. ನೂರು ಮಂದಿ ಕೂಡಿ, ಒಬ್ಬನನ್ನು ಅಧ್ಯಕ್ಷನನ್ನಾಗಿ ಕೂರಿಸಿ, ಠರಾವು ಬರೆದು ಕಳಿಸಿದರೆ ಮಾತ್ರ ಅದಕ್ಕೆ ಜವಾಬು ಬರೆಯಬೇಕಾಗುತ್ತದೆ. ಗಷ್ತಿಯ ಕಣ್ಣು ಇದ್ದದ್ದು ಅದರ ಮೇಲೆ.

ಸಂಸ್ಥಾನದ ಒಳಗೆ ಕನ್ನಡಿಗರು ಸೇರಲೇ ಇಲ್ಲವೆಂದಲ್ಲ. 1928ರಲ್ಲಿ ಬಿ.ಎಂ.ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲೂ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲೂ ಸಾಹಿತ್ಯ ಸಮ್ಮೇಳನಗಳು ನಡೆದವು. ಕಾವ್ಯ, ವ್ಯಾಕರಣ ಮಾತನಾಡಲು ಅಡ್ಡಿಯಿರಲಿಲ್ಲ. ಕಂದಾಯ, ಶಾಲೆ, ನೌಕರಿಗಳ ಮಾತು ಬಂದರೆ ಮಾತ್ರ ತೊಡಕು. ಹಾಗಾಗಿ ರಾಜಕೀಯದವರು ಗಡಿ ದಾಟಿದರು. ಹೈದರಾಬಾದ್ ರಾಜಕೀಯ ಪರಿಷತ್ತಿನ ಅಧಿವೇಶನಗಳು ನಡೆದ ಊರುಗಳನ್ನು ನೋಡಿ: 1923ರಲ್ಲಿ ಕಾಕಿನಾಡ, 1926ರಲ್ಲಿ ಮುಂಬೈ, 1928ರಲ್ಲಿ ಪುಣೆ, 1931ರಲ್ಲಿ ಅಕೋಲ. ಒಂದೂ ಹೈದರಾಬಾದಿನಲ್ಲಿಲ್ಲ! ತಮ್ಮ ಮನೆಯ ದೂರು ಹೇಳಿಕೊಳ್ಳಲು ನೆರೆಮನೆಯ ಜಗಲಿಗೆ ಹೋಗಬೇಕಾದ ಸ್ಥಿತಿ.

ಕನ್ನಡಿಗರದೇ ಇನ್ನೊಂದು ಸಂಸ್ಥಾನದ ಜೊತೆ ಇದನ್ನು ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೈಸೂರಿನಲ್ಲಿ ದಿವಾನ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕರೆದಿದ್ದರು. ದಸರೆಯ ಹೊತ್ತಿಗೆ ಪ್ರತಿನಿಧಿಗಳು ಬಂದು ಕೆರೆ, ರಸ್ತೆ, ಕಂದಾಯಗಳ ಅಹವಾಲು ಹೇಳಿಕೊಳ್ಳುತ್ತಿದ್ದರು. ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಆದರೂ ಕೇಳುವ ಅಭ್ಯಾಸ ಬೆಳೆಯಿತು. ಮೈಸೂರನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಪತ್ರಿಕೆಗಳ ಬಾಯಿ ಕಟ್ಟಲು 1908ರಲ್ಲಿ ಅಲ್ಲಿಯೂ ಒಂದು ಕಾಯ್ದೆ ಬಂತು. ಆದರೆ ಗುರುಮಠಕಲ್‌ನ ರೈತನಿಗೆ ಅಷ್ಟರ ಮಟ್ಟಿನ ಜಗಲಿಯೂ ಇರಲಿಲ್ಲ.

ಭೂಗೋಳವೂ ಇದರಲ್ಲಿ ಸೇರಿಕೊಂಡಿತ್ತು. ಸುರಪುರದ ಪಶ್ಚಿಮಕ್ಕೆ ವಿಜಾಪುರ ಜಿಲ್ಲೆ, ಅದು ಬ್ರಿಟಿಷರ ಮುಂಬೈ ಪ್ರಾಂತ. ಅಲ್ಲಿಂದ ಸುದ್ದಿ ಬರಲು ಹೆಚ್ಚು ಹೊತ್ತು ಬೇಡ. ಯಾದಗಿರಿಗೆ ರೈಲಿತ್ತು. ಸೊಲ್ಲಾಪುರದಿಂದ ರಾಯಚೂರಿಗೆ ಹೋಗುವ ಹಳಿ 1871ರಷ್ಟು ಹಳೆಯದು. ಗುರುಮಠಕಲ್ ಮಾತ್ರ ಸಂಸ್ಥಾನದ ಒಳಮಡಿಲಿನಲ್ಲಿತ್ತು. ಪೂರ್ವಕ್ಕೆ ನಾರಾಯಣಪೇಟೆ, ಅದರಾಚೆ ಮಹಬೂಬನಗರ, ಎಲ್ಲವೂ ನಿಜಾಮನದೇ. ಹೊರಗಿನ ಪತ್ರಿಕೆ ಇಲ್ಲಿಗೆ ತಲುಪಬೇಕಾದರೆ ದಾರಿಯೂ ಉದ್ದ, ಕಾವಲೂ ಹೆಚ್ಚು.

ಆ ಕಾಲದ ಬೇಡಿಕೆಗೆ ಕನ್ನಡದಲ್ಲಿ ಇಟ್ಟುಕೊಂಡ ಹೆಸರು ‘ಜವಾಬ್ದಾರಿ ಸರ್ಕಾರ’. ಜವಾಬು ಎಂದರೆ ಉತ್ತರ, ದಾರ್ ಎಂದರೆ ಅದನ್ನು ಹೊತ್ತವನು. ಉತ್ತರ ಹೇಳುವ ಹೊಣೆ ಹೊತ್ತ ಸರ್ಕಾರ ಎಂಬುದು ಪದದೊಳಗೇ ಇದೆ. ಅರಬ್ಬಿ, ಪಾರಸಿಗಳಿಂದ ಬಂದ ಈ ಮಾತು ದೊರೆಯ ಕಚೇರಿಯ ನುಡಿಗೂ ಹತ್ತಿರದ್ದು. ಅವನ ಮಾತಿನಿಂದಲೇ ಅವನನ್ನು ಕೇಳಿದಂತಾಯಿತು. ಈ ಬೇಡಿಕೆ ಇಟ್ಟುಕೊಂಡು ಹುಟ್ಟಬೇಕಿದ್ದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಹುಟ್ಟುವ ಮೊದಲೇ ನಿಷೇಧಿಸಲಾಯಿತು. ನಿಷೇಧ ತೆರವಾದದ್ದು 1946ರಲ್ಲಿ. ಅದರ ನಾಯಕ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ಸಿಂದಗಿಯಲ್ಲಿ ಎಂಬುದು ನಮ್ಮ ಕಡೆಯವರೇ ಮರೆಯುವ ಸಂಗತಿ.

ಬರಹದ ಮೂಲಕ ಜವಾಬು ಕೇಳಿದವರು ಕೊಟ್ಟ ಬೆಲೆ ಇನ್ನೂ ದೊಡ್ಡದು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್. ಹೈದರಾಬಾದ್ ಭಾರತ ಒಕ್ಕೂಟಕ್ಕೆ ಸೇರಬೇಕು, ರಜಾಕಾರರ ಹಾವಳಿ ನಿಲ್ಲಬೇಕು ಎಂದು ಬರೆಯುತ್ತಿದ್ದರು. 1948ರ ಆಗಸ್ಟ್‌ನ ಒಂದು ರಾತ್ರಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದಾಗ ಹೈದರಾಬಾದಿನ ಬೀದಿಯಲ್ಲಿ ಅವರ ಮೇಲೆ ದಾಳಿ ನಡೆಯಿತು. ಬರೆಯುವ ಕೈಯನ್ನೇ ಕಡಿದರು. ವಯಸ್ಸು ಮೂವತ್ತು ದಾಟದ ಆ ತರುಣ ಉಳಿಯಲಿಲ್ಲ. ತಿಂಗಳೊಪ್ಪತ್ತಿನೊಳಗೆ ಭಾರತದ ಸೇನೆ ಬಂತು, ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾಯಿತು. ದೊರೆಯ ಕಚೇರಿಯ ಭಾಷೆಯಲ್ಲೇ, ದೊರೆಯ ಮತದವನೇ ಆಗಿದ್ದು ಪ್ರಶ್ನೆ ಕೇಳಿದ ಈ ಮನುಷ್ಯನನ್ನು ವಿಮೋಚನೆಯ ಕಥೆ ಹೇಳುವಾಗ ಬಿಟ್ಟುಬಿಡುವುದು ನ್ಯಾಯವಲ್ಲ.

1952ರಲ್ಲಿ ಮೊದಲ ಚುನಾವಣೆ, 1956ರಲ್ಲಿ ಮೈಸೂರು ರಾಜ್ಯದೊಳಗೆ ಸೇರ್ಪಡೆ. ಗುರುಮಠಕಲ್ ಕ್ಷೇತ್ರ 1972ರಿಂದ 2004ರವರೆಗಿನ ಎಂಟು ಚುನಾವಣೆಗಳಲ್ಲಿ ಮಲ್ಲಿಕಾರ್ಜುನ ಖರ್ಗೆಯವರನ್ನೇ ಆರಿಸಿ ಕಳಿಸಿತು. ಮತ ಹಾಕುವುದೂ ಜವಾಬು ಕೇಳುವ ಒಂದು ಬಗೆ. ಆದರೆ ಅದು ಐದು ವರ್ಷಕ್ಕೊಮ್ಮೆ, ಅದೂ ‘ಹೌದು’ ಅಥವಾ ‘ಬೇಡ’ ಎಂಬ ಒಂದೇ ಮಾತಿನಲ್ಲಿ. ಊರಿನ ಬೋರ್‌ವೆಲ್ಲಿಗೆ ಎಷ್ಟು ಖರ್ಚಾಯಿತು, ರಸ್ತೆ ಯಾಕೆ ಅರ್ಧಕ್ಕೆ ನಿಂತಿತು ಎಂದು ಮತಪೆಟ್ಟಿಗೆ ಕೇಳಲಾರದು.

ಅದನ್ನು ಕೇಳುವ ಸಲಕರಣೆಗಳು ತಡವಾಗಿ ಬಂದವು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮಸಭೆಗೆ ಸ್ಥಾನ ಸಿಕ್ಕಿತು. ಕರ್ನಾಟಕ ತನ್ನದೇ ಮಾಹಿತಿ ಹಕ್ಕಿನ ಕಾಯ್ದೆಯನ್ನು 2000ದಲ್ಲಿ ಮಾಡಿತು, ದೇಶಕ್ಕೆ ಅದು ಬಂದದ್ದು 2005ರಲ್ಲಿ. ಡಿ.ಎಂ.ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿದಾಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿದ್ದವು. ಮುಂದೆ ಸಂವಿಧಾನದ 371 (ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು, ಹಣ ಬಂತು. ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕೆಂದು ಆ ವಿಧಿಯಲ್ಲೇ ಬರೆದಿದೆ. ಹಣದ ಸುದ್ದಿ ಹಳ್ಳಿಗೆ ತಲುಪಿದಷ್ಟು ಈ ವರದಿಯ ಸುದ್ದಿ ತಲುಪಿದಂತೆ ಕಾಣುವುದಿಲ್ಲ.

ಇವೆಲ್ಲಕ್ಕಿಂತ ಹಳ್ಳಿಗೆ ಹತ್ತಿರದ್ದು ಜಮಾಬಂದಿ. ಈ ಪದಕ್ಕೂ ಒಂದು ಹಿಂದಿನ ಜನ್ಮವಿದೆ. ಹಳೆಯ ಆಡಳಿತದಲ್ಲಿ ಜಮಾಬಂದಿ ಎಂದರೆ ರೈತ ಎಷ್ಟು ಕೊಡಬೇಕೆಂದು ಅಧಿಕಾರಿ ವರ್ಷಕ್ಕೊಮ್ಮೆ ಲೆಕ್ಕ ಕಟ್ಟುವ ಕೆಲಸ. ಈಗ ಅದೇ ಹೆಸರಿನಲ್ಲಿ ಪಂಚಾಯಿತಿ ತಾನು ಖರ್ಚು ಮಾಡಿದ್ದರ ಲೆಕ್ಕವನ್ನು ಊರಿನ ಮುಂದೆ ಓದಬೇಕು, ಕೇಳಿದವರಿಗೆ ದಾಖಲೆ ತೋರಿಸಬೇಕು, ಕಾಮಗಾರಿಯನ್ನು ಸ್ಥಳದಲ್ಲೇ ನೋಡಬೇಕು. ಲೆಕ್ಕ ಕೇಳುವವರು ಮತ್ತು ಕೊಡುವವರು ಜಾಗ ಅದಲುಬದಲು ಮಾಡಿಕೊಂಡಿದ್ದಾರೆ.

ಕಾಗದದ ಮೇಲೆ. ಯಾಕೆಂದರೆ ಗ್ರಾಮಸಭೆ ನಡೆಯಿತೆಂದು ಪುಸ್ತಕದಲ್ಲಿ ಬರೆದು ರುಜು ಹಾಕಿಸಿಕೊಳ್ಳುವ ದೂರು ರಾಜ್ಯದ ಎಲ್ಲ ಕಡೆ ಹಳೆಯದು. ಯಾದಗಿರಿ ಸೀಮೆಯಲ್ಲಿ ಅದಕ್ಕೆ ಇನ್ನೊಂದು ಕಾರಣ ಕೂಡಿಕೊಂಡಿದೆ, ಗುಳೆ. ಹೊಲದ ಕೆಲಸ ಮುಗಿದರೆ ಗಂಡ ಹೆಂಡತಿ ಮಕ್ಕಳು ಬೆಂಗಳೂರು, ಹೈದರಾಬಾದ್, ಮುಂಬೈ, ಪುಣೆಗಳ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಊರಿನಲ್ಲೇ ಕೂಲಿ ಕೊಡುವುದಾಗಿ ಹೇಳಿದ 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೇ ಒಪ್ಪಿಸಿತ್ತು. ಆ ಕೂಲಿಯ ಲೆಕ್ಕ ಕೇಳಬೇಕಾದವರೇ ಬೇರೆ ಊರಿನಲ್ಲಿ ಇಟ್ಟಿಗೆ ಹೊರುತ್ತಿದ್ದರೆ ಕೇಳುವವರು ಯಾರು? ಉಳಿದವರಲ್ಲಿ ಅಕ್ಷರದ ಕೊರತೆ ಬೇರೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ.

ಹಾಗೆಂದು ಮಾತೇನೂ ನಿಂತಿಲ್ಲ. ಹೋಟೆಲಿನ ಬೆಂಚಿನ ಮೇಲೆ, ಬಸ್ ನಿಲ್ದಾಣದಲ್ಲಿ, ಈಗೀಗ ಮೊಬೈಲಿನಲ್ಲಿ ಮಂತ್ರಿ ಶಾಸಕರನ್ನು ಜಾಡಿಸುವುದು ಯಥೇಚ್ಛವಾಗಿ ನಡೆದಿದೆ. ಗಷ್ತಿಯ ಕಾಲದಲ್ಲಿ ದೊರೆ ತಲೆ ಕೆಡಿಸಿಕೊಳ್ಳದೆ ಬಿಟ್ಟದ್ದೂ ಈ ಗೊಣಗಾಟವನ್ನೇ.

ಗ್ರಾಮ ಪಂಚಾಯಿತಿಗಳ ಜಮಾಬಂದಿಗೆ ನಿಯಮದಲ್ಲಿ ಗೊತ್ತು ಮಾಡಿರುವ ಅವಧಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15. ಅದು ಮುಗಿದ ಎರಡನೆಯ ದಿನ, ಸೆಪ್ಟೆಂಬರ್ 17ರಂದು, ಗುರುಮಠಕಲ್‌ನಿಂದ ಸುರಪುರದವರೆಗೆ ಕಚೇರಿಗಳ ಮುಂದೆ ಧ್ವಜ ಏರುತ್ತದೆ.