ಬೆತ್ತದ ಕುರ್ಚಿಯ ಪೂರ್ವಕಥೆ

ಮುಂಬಯಿಗೆ ಬಂದ ಹೊಸತರಲ್ಲಿ ನಾವೆಲ್ಲ ಇರಾನಿ ಹೋಟೆಲುಗಳಲ್ಲಿ ಚಹಾ ಕುಡಿದವರೇ. ಅಲ್ಲಿಯ ದುಂಡು ಬೆನ್ನಿನ ಕುರ್ಚಿಗಳ ಮೂಲ ದೂರದ ವಿಯೆನ್ನಾ. ಆ ನಗರದಲ್ಲಿ ನೆಲೆಸಿದ್ದ ಜರ್ಮನ್ ಬಡಗಿ ಮೈಕೇಲ್ ಥೋನೆಟ್ ಬೀಚ್ ಮರವನ್ನು ಹಬೆಯಲ್ಲಿ ಮೆದುಗೊಳಿಸಿ, ಅಚ್ಚಿನಲ್ಲಿ ಬಾಗಿಸಿ, ೧೮೫೯ರಲ್ಲಿ ತನ್ನ ‘೧೪ನೆಯ ನಂಬರಿನ’ ಕುರ್ಚಿಯನ್ನು ಹೊರತಂದನು. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೆ! ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ೩೬ ಕುರ್ಚಿಗಳು. ಆದ್ದರಿಂದಲೇ ಅದು ಹಡಗೇರಿ ದೇಶದೇಶಗಳನ್ನು ಸುತ್ತಿತು.

ಅದರ ಆಸನ ಸಾಮಾನ್ಯವಾಗಿ ಬೆತ್ತದ ಹೆಣಿಗೆ. ಹೆಣಿಗೆ ಹರಿದರೂ ಚೌಕಟ್ಟು ಕೆಡದು. ಹೊಸ ಬೆತ್ತ ಹಾಕಿಸಿದರೆ ಮತ್ತೆ ಹೊಸದು. ನಮ್ಮ ಸರಕಾರಿ ಕಚೇರಿಗಳ ಬೆತ್ತದ ಕುರ್ಚಿಗಳನ್ನು ಹೀಗೆ ಹೆಣೆದುಕೊಟ್ಟವರಲ್ಲಿ ಅಂಧರು ಅನೇಕರು. ರಂಧ್ರಗಳನ್ನು ಬೆರಳಿನಿಂದಲೇ ಎಣಿಸಿ ಎಳೆ ಪೋಣಿಸುತ್ತಿದ್ದರು.

ನಮ್ಮ ಕ್ವಾರ್ಟರ್ಸಿನಲ್ಲೂ ಅಂಥದೊಂದು ಹಳೆಯ ಕುರ್ಚಿಯಿತ್ತು. ಮಕ್ಕಳು ಗುಜರಿಗೆ ಕೊಡೋಣವೆಂದರು. ನಾವು ಬೆತ್ತ ಹೆಣೆಸಿದೆವು. ಈಗ ಅದು ನವಲಗುಂದದ ಜಮಖಾನದ ಮೇಲೆ, ಊರಿನಿಂದ ತಂದ ಮಣೆಯ ಪಕ್ಕದಲ್ಲಿದೆ. ಬಂದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದೇ. ವಾಚಕರೂ ಹಳೆಯ ಕುರ್ಚಿಯನ್ನು ಎಸೆಯುವ ಮುನ್ನ ಅದರ ಚೌಕಟ್ಟನ್ನೊಮ್ಮೆ ಅಲುಗಿಸಿ ನೋಡಲಿ.